ಮೂರೂವರೆಯ ಗೆರೆ

ಮನೆ, ಅಡುಗೆಮನೆಯ ಮೇಜು
ಮಂಗಳವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ನಿದ್ದೆ ಸರಿಯಾಗಿ ಬರ್ತಿದೆಯಾ? ಊಟ ಆದ ಮೇಲೆ ಮಾತ್ರೆ, ಮಾತ್ರೆ ಜೊತೆ ಎರಡು ಲೋಟ ನೀರು, ಇದನ್ನ ಮಾತ್ರ ತಪ್ಪಿಸಬೇಡ. ಮೊನ್ನೆ ರಕ್ತ ಕೊಟ್ಟು ಬಂದೆ ಅಂದೆಯಲ್ಲ, ಲಿಥಿಯಂ ಎಷ್ಟಿದೆಯಂತೆ ಅಂತ ಹೇಳಲೇ ಇಲ್ಲ. ಕೈ ನಡುಗೋದು ಕಡಿಮೆ ಆಯ್ತಾ? ಇಲ್ಲಿದ್ದಾಗ ನಿನ್ನ ಟೀ ಲೋಟ ಅರ್ಧಕ್ಕಿಂತ ಮೇಲೆ ತುಂಬಿಸೋ ಹಾಗೇ ಇರಲಿಲ್ಲ. ಅಲ್ಲಿ ಆಫೀಸಲ್ಲಿ ಯಾರಾದರೂ ಪೂರ್ತಿ ತುಂಬಿಸಿ ಕೊಟ್ಟರೆ ಸಂಕೋಚ ಪಡಬೇಡ, ಇನ್ನೊಂದು ಲೋಟ ಕೇಳಿ ಅರ್ಧ ಸುರ್ಕೋ. ನಗೋರು ನಗಲಿ. ನಿನ್ನ ಬಟ್ಟೆ ಒಗೆಯೋಕೆ ಅವರೇನು ಬರಲ್ಲ.

ನಾವಿಬ್ಬರೂ ಚೆನ್ನಾಗಿದ್ದೀವಿ. ನನ್ನ ಮೊಣಕಾಲು ಎಂದಿನ ಹಾಗೆ ಗೊಣಗ್ತಾ ಇದೆ, ನಿಮ್ಮಪ್ಪ ಎಂದಿನ ಹಾಗೆ ಬಾಯಿ ಮುಚ್ಚಿಕೊಂಡಿದ್ದಾರೆ. ತಡಿ, ಎರಡನೆಯದು ಈಗ ಸುಳ್ಳು, ಅದರ ಕಥೆ ಮುಂದೆ ಹೇಳ್ತೀನಿ. ಇವತ್ತು ಬೇಕರಿಗೆ ವಾರದ ರಜೆ, ಆರು ಗಂಟೆವರೆಗೂ ಹಾಯಾಗಿ ಮಲಗಿದ್ದೆ. ಇಪ್ಪತ್ತಾರು ವರ್ಷದಿಂದ ನಾಲ್ಕಕ್ಕೆಲ್ಲ ಹಿಟ್ಟಿಗೆ ಕೈ ಹಾಕಿದವಳು ನಾನು, ವಾರಕ್ಕೊಂದು ದಿನ ಸೂರ್ಯ ನನಗಿಂತ ಮೊದಲು ಎದ್ದರೆ ಎದ್ದುಕೊಳ್ಳಲಿ ಬಿಡು. ಈ ಕಾಗದ ಕೂಡ ಬೇಕರಿ ಚೀಟಿ ಹಿಂದೆಯೇ ಬರೆದಿರ್ತಾಳೆ ಅಂದುಕೊಂಡಿದ್ದೆಯಾ? ನಿನಗೆ ಅಂತಲೇ ಹೊಸ ಹಾಳೆ ತಂದಿದ್ದೀನಿ, ನೋಡು. ಎಷ್ಟು ಹಿಟ್ಟು, ಎಷ್ಟೊತ್ತಿಗೆ ನಾದಿದ್ದು, ಎಷ್ಟೊತ್ತಿಗೆ ಒಲೆಗೆ ಹೋಗಿದ್ದು ಅಂತ ದಿನಾ ಚೀಟಿ ಬರೆದೂ ಬರೆದೂ ನನಗೆ ಅದೇ ಚಾಳಿ ಆಗಿದೆ ಅಂತ ನೀನು ಆಡಿಕೊಳ್ತಿದ್ದೆ. ಮನೆಯ ಹಾಲು, ಔಷಧಿ, ನಿನ್ನ ಜ್ವರ, ಎಲ್ಲಾ ಆ ಚೀಟಿಗಳ ಹಿಂದೆಯೇ ಬರೆದು ಡಬ್ಬಿಯಲ್ಲಿ ಇಟ್ಟಿದ್ದೀನಿ, ನಿಜ. ಆಡಿಕೊಂಡಿದ್ದು ಸಾಕು.

ಫೋನ್ ಇರೋವಾಗ ಕಾಗದ ಯಾಕೆ ಅಂತ ಕೇಳ್ತೀಯ. ಒಂದು ವಿಷಯ ಹೇಳಬೇಕು ಅಂತ ಕಳೆದ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ನಗ್ತಾ ಇದ್ದೆ. ನಿನ್ನ ನಗು ಎಂಥದ್ದು ಅಂತ ಈಗ ನನಗೆ ಗೊತ್ತಾಗುತ್ತೆ, ಮೇಲೆ ಹಾರಿಕೊಂಡು ಹೋಗೋ ನಗು ಅಲ್ಲ, ನೆಲದ ಮೇಲೆ ಕಾಲಿಟ್ಟು ನಗೋ ನಗು. ಅದನ್ನ ಕೇಳಿದ ಮೇಲೆ ನನ್ನ ಬಾಯಿಂದ "ಸರಿ, ಇಡ್ತೀನಿ" ಅನ್ನೋದು ಬಿಟ್ಟು ಬೇರೆ ಮಾತೇ ಬರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಗಿದೆ, ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ. ಅದಕ್ಕೆ ಬರ್ತೀನಿ. ಮೊದಲು ಸಂತೋಷದ್ದು ಕೇಳು.

ನೀನು ಕಳಿಸಿದ ಗ್ರಾಫ್ ಬಂದು ಇವತ್ತಿಗೆ ಎಂಟು ದಿನ. ಲಕೋಟೆ ಒಡೆದು ಹತ್ತು ನಿಮಿಷ ಆಗಿರಲಿಲ್ಲ, ನಿಮ್ಮಪ್ಪ ಅದನ್ನ ಎತ್ತಿಕೊಂಡು ಹೋಗಿ ಮನೆ ಮುಂದಿನ ತಮ್ಮ ಕಟಿಂಗ್ ಶಾಪಿನ ದೊಡ್ಡ ಕನ್ನಡಿ ಪಕ್ಕ ಅಂಟಿಸಿಬಿಟ್ಟರು. ಕತ್ತರಿ ಹಿಡಿದವನ ಮುಂದೆ ತಲೆ ಕೊಟ್ಟು ಕೂತೋರು ಎಲ್ಲಿಗೆ ಓಡಿ ಹೋಗ್ತಾರೆ? ಕುತ್ತಿಗೆಗೆ ಬಟ್ಟೆ ಕಟ್ಟೋದು, ತಲೆಗೆ ನೀರು ಚಿಮುಕಿಸೋದು, ಬಾಚಣಿಗೆ ತುದಿಯಲ್ಲಿ ಗ್ರಾಫ್ ತೋರಿಸಿ ಪಾಠ ಶುರು ಮಾಡೋದು. ಮೂವತ್ತು ವರ್ಷದ ಸಂಸಾರದಲ್ಲಿ ಮೂವತ್ತು ಮಾತಾಡದ ಗಂಡಸು ಕಣೇ ಅದು. ಈಗ ನಾನು ಒಳಗೆ ಪಾತ್ರೆ ತೊಳೀತಾ ಕೂತಿದ್ದರೂ ಕೇಳುತ್ತೆ: ಅರವತ್ತು ಜನಕ್ಕೆ ಎರಡು ವರ್ಷ ಕೈಗೆ ವಾಚಿನ ಥರ ಪಟ್ಟಿ ಕಟ್ಟಿದ್ದರು, ಎಲ್ಲರಿಗೂ ಬೈಪೋಲಾರ್, ಅವರು ಯಾವಾಗ ಮಲಗಿದರು, ಯಾವಾಗ ಎದ್ದರು, ಎಷ್ಟು ಕೈಯಾಡಿಸಿದರು ಅನ್ನೋದೆಲ್ಲ ಆ ಪಟ್ಟಿ ಬರ್ಕೊಂಡಿದೆ, ಕಾಯಿಲೆ ಏರೋದಕ್ಕೆ ಮುಂಚೆ ಏನಾದರೂ ಸುಳಿವು ಕೊಡುತ್ತಾ ಅಂತ ಹುಡುಕ್ತಿದ್ದಾರೆ, ಆ ಸುಳಿವು ಎಲ್ಲಕ್ಕಿಂತ ಚೆನ್ನಾಗಿ ಕಂಡಿದ್ದು ನನ್ನ ಮಗಳಲ್ಲಿ. ಆಮೇಲೆ ಒಂದು ಕ್ಷಣ ಕತ್ತರಿ ನಿಲ್ಲಿಸಿ ಹೇಳ್ತಾರೆ, "ಈಗ ಅವಳು ಇದನ್ನ ನಡೆಸೋ ಡಾಕ್ಟರ ಜೊತೆಯೇ ಕೆಲಸ ಮಾಡ್ತಾಳೆ. ಇಪ್ಪತ್ನಾಲ್ಕನೇ ತಾರೀಕು ಮುನ್ನೂರು ಜನ ಡಾಕ್ಟರುಗಳ ಮುಂದೆ ನಿಂತು ಮಾತಾಡ್ತಾಳೆ." ನಾಲ್ಕು ವರ್ಷದ ಹಿಂದೆ ಇದೇ ಶಾಪಲ್ಲಿ ನೀನು ಎಲ್ಲಿ ಅಂತ ಯಾರಾದರೂ ಕೇಳಿದರೆ, ಸಂಬಂಧಿಕರ ಮನೆಗೆ ಹೋಗಿದ್ದಾಳೆ ಅಂತ ಹೇಳಿ ರೇಡಿಯೋ ಜೋರು ಮಾಡ್ತಿದ್ದರು. ಆ ಮನುಷ್ಯ ಈಗ ಬೈಪೋಲಾರ್ ಅನ್ನೋ ಪದವನ್ನ ಬೀದಿಗೆ ಕೇಳೋ ಹಾಗೆ ಹೇಳ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಜನ ಅಂದುಕೊಂಡರೆ ಅಂದುಕೊಳ್ಳಲಿ ಅಂತ ನಾನೂ ಸುಮ್ಮನಿದ್ದೀನಿ.

ಮೊನ್ನೆ ಮೂಲೆಮನೆ ಲೆಕ್ಕದ ಮೇಷ್ಟ್ರು ಗಡ್ಡಕ್ಕೆ ಬಂದಿದ್ದರು. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಕನ್ನಡಕ ಹಾಕಿಕೊಂಡು ಗ್ರಾಫಿನ ಹತ್ತಿರ ಹೋಗಿ ನಿಂತರು. ದಿನಕ್ಕೊಂದು ಸಾಲು, ಬಿಳಿ ಅಂದರೆ ನಿದ್ದೆ, ಕಪ್ಪು ಅಂದರೆ ಓಡಾಟ ಅಂತ ಅಪ್ಪ ಹೇಳಿಕೊಟ್ಟರು. ಡಾಕ್ಟರು ಕೆಂಪಲ್ಲಿ ಸುತ್ತು ಹಾಕಿರೋ ಆ ಹತ್ತೊಂಬತ್ತು ಸಾಲು ತೋರಿಸಿದರು. ಒಂಬತ್ತಕ್ಕೆ ನಿದ್ದೆ, ಮೂರೂವರೆಗೆ ಎಚ್ಚರ, ನಾಲ್ಕರಿಂದ ಆರರವರೆಗೆ ದಟ್ಟ ಕಪ್ಪು. ಮೂರೂವರೆ ಹತ್ತಿರ ಬಿಳಿ ಮುಗಿದು ಕಪ್ಪು ಶುರುವಾಗೋ ಕಡೆ ಅಡಿಕೋಲು ಇಟ್ಟು ಎಳೆದ ಹಾಗೆ ಒಂದು ಗೆರೆ. ಅದಾದ ಮೇಲೆ ಆಸ್ಪತ್ರೆ. ಡಾಕ್ಟರು ಅದಕ್ಕೆ ಮುಂಜಾವಿನ ಮುನ್ಸೂಚನೆ ಅಂತ ಹೆಸರಿಟ್ಟಿದ್ದಾರೆ ಅನ್ನೋವಾಗ ನಿಮ್ಮಪ್ಪನ ಎದೆ ಉಬ್ಬಿಹೋಗಿತ್ತು. ಮೇಷ್ಟ್ರು ಎಲ್ಲಾ ಕೇಳಿಸಿಕೊಂಡು, "ಏಳು ಸಾಲಿಗೊಂದು ಸಲ ಮಾತ್ರ ಆರು ಗಂಟೆವರೆಗೂ ನಿದ್ದೆ ಇದೆಯಲ್ಲ, ಅದ್ಯಾಕೆ?" ಅಂದರು. ಅಪ್ಪ ನಕ್ಕು ನೀನು ಕಾಗದದಲ್ಲಿ ಬರೆದಿದ್ದ ತಮಾಷೆಯನ್ನೇ ಹೇಳಿದರು, ನನ್ನ ಮಗಳ ಕಾಯಿಲೆಗೂ ವಾರದ ರಜೆ ಇದೆ ಅಂತ. ಕಾಯ್ತಾ ಕೂತಿದ್ದೋರೆಲ್ಲ ನಕ್ಕರು. ನಾನು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ನನ್ನ ಕೈ ತಾನಾಗೇ ಎಡಗೈ ಮಣಿಕಟ್ಟಿಗೆ ಹೋಯ್ತು. ಆ ಟೀಗೆ ಸಕ್ಕರೆ ಹಾಕೋದೂ ಮರೆತಿದ್ದೆ, ಮೇಷ್ಟ್ರು ಪಾಪ ಹಾಗೇ ಕುಡಿದರು.

ಅಲ್ಲ ಗುಬ್ಬೀ, ನೀನು ವೇದಿಕೆ ಮೇಲೆ ನಿಲ್ಲೋದು ಅಂದರೆ ನನಗೆ ಏನು ಅಂತ ನಿನಗೆ ಗೊತ್ತಾ? ಮೊದಲನೇ ಸಲ ನೀನು ಕುಸಿದು ಬಿದ್ದಾಗ ಹತ್ತು ವಾರ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಪ್ರೆಸ್ಸಿನಲ್ಲಿ ಕರಡು ತಿದ್ದೋ ಹುಡುಗಿ, ಒಂದು ಅಲ್ಪವಿರಾಮ ಆಚೀಚೆ ಆದರೂ ಹಿಡಿಯೋಳು, ಎದ್ದು ಹಲ್ಲುಜ್ಜೋಕೂ ಆಗದೆ ಬಿದ್ದಿದ್ದೆ. ತಲೆಗೂದಲು ಗಂಟು ಕಟ್ಟಿ ಹೋಗಿತ್ತು. ಊರಿಗೆಲ್ಲ ಕಟಿಂಗ್ ಮಾಡೋ ಮನುಷ್ಯ ನಿನ್ನ ಪಕ್ಕ ನೆಲದ ಮೇಲೆ ಕೂತು, ಒಂದೊಂದೇ ಎಳೆ ಬಿಡಿಸ್ತಾ ಮೂರು ಸಂಜೆ ಕಳೆದರು, ಕತ್ತರಿ ಮುಟ್ಟಲಿಲ್ಲ. ಆಮೇಲೆ ಏರಿದೆ. ಏರಿದಾಗ ಕೆಲಸ ಹೋಯ್ತು, ಇಬ್ಬರು ಗೆಳತಿಯರು ಹೋದರು, ನಮ್ಮ ಕಡೆಯೋರು ಬರೋದು ನಿಂತಿತು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ನಿಮ್ಮಪ್ಪ ಬಸ್ ಸ್ಟಾಪಲ್ಲಿ ಎರಡು ಬಸ್ ಬಿಟ್ಟು ಕೂತೇ ಇದ್ದರು. ಆಗ ಯಾರಾದರೂ ಬಂದು, ಈ ಹುಡುಗಿ ಮುಂದೆ ಡಾಕ್ಟರುಗಳಿಗೇ ಪಾಠ ಹೇಳ್ತಾಳೆ ಅಂದಿದ್ದರೆ ಅವರ ಕೈಗೂ ಒಂದು ಪಟ್ಟಿ ಕಟ್ಟಬೇಕು ಅಂತಿದ್ದೆ.

ಪಾಠ ಹೇಳಿದ್ದೀಯಲ್ಲ ಮತ್ತೆ! ಆ ಹನ್ನೊಂದು ಪ್ರಶ್ನೆಗಳ ವಿಷಯ ನಾನು ಬೇಕರಿಯಲ್ಲಿ ಎಲ್ಲರಿಗೂ ಹೇಳಿದ್ದೀನಿ. ಡಾಕ್ಟರ ಪ್ರಶ್ನೆಪತ್ರಿಕೆಯಲ್ಲಿ "ನಿಮಗೆ ವಿಪರೀತ ಸಂತೋಷ ಅನ್ನಿಸುತ್ತಿದೆಯೇ?" ಅಂತ ಇತ್ತು. ನೀನು ಅದಕ್ಕೆ ಕೆಂಪು ಗೆರೆ ಎಳೆದು, ಸಾರ್, ಆ ಸ್ಥಿತಿಯಲ್ಲಿ ಇರೋರು ಯಾರೂ ವಿಪರೀತ ಅಂತ ಒಪ್ಪಲ್ಲ, ಲೋಕಕ್ಕೇ ಈಗ ಬುದ್ಧಿ ಬಂದಿದೆ ಅಂದುಕೊಂಡಿರ್ತಾರೆ, ಅದರ ಬದಲು ಇವತ್ತು ಎಷ್ಟು ಜನಕ್ಕೆ ಫೋನ್ ಮಾಡಿದಿರಿ, ಎಷ್ಟು ಜನ ನಡುವೆಯೇ ಇಟ್ಟುಬಿಟ್ಟರು ಅಂತ ಕೇಳಿ ಅಂದೆಯಂತೆ. ಅಷ್ಟು ದೊಡ್ಡ ಮನುಷ್ಯ ನಿನ್ನ ಹನ್ನೊಂದು ಪ್ರಶ್ನೆಗಳನ್ನೂ ಹಾಗೇ ತಗೊಂಡರು, ಈಗ ಬೇರೆ ಊರಿನ ಆಸ್ಪತ್ರೆಗಳೂ ಅದನ್ನೇ ಕೇಳ್ತವೆ. ಕಾಯಿಲೆ ಬಂದವರು ನೂರಾರು ಜನ ಇರ್ತಾರೆ. ಕಾಯಿಲೆ ಒಳಗೆ ಕೂತುಕೊಂಡೇ ಅದರ ಕರಡು ತಿದ್ದಿದವಳು ನೀನು. ಇದನ್ನ ಯಾರೂ ನಿನ್ನಿಂದ ಕಿತ್ತುಕೊಳ್ಳೋಕೆ ಆಗಲ್ಲ, ಗ್ರಾಫ್ ಇರಲಿ ಬಿಡಲಿ. ಈ ಮಾತು ನೆನಪಿಟ್ಟುಕೋ.

ಈಗ ಆ ಹತ್ತೊಂಬತ್ತು ದಿನದ ಮಾತಿಗೆ ಬರ್ತೀನಿ. ನಿನ್ನ ಕೆಂಪು ಪೆನ್ನು ಆಗ ಮನೆಯಲ್ಲಿ ಒಂದನ್ನೂ ಬಿಡಲಿಲ್ಲ. ಗೋಡೆ ಕ್ಯಾಲೆಂಡರ್ ತಿದ್ದಿದೆ, ಮಾತ್ರೆ ಡಬ್ಬಿಯ ಒಳಗಿನ ಚೀಟಿ ತಿದ್ದಿದೆ, ನಾನು ತಂದ ಬ್ರೆಡ್ಡಿನ ಕವರುಗಳನ್ನ ತಿದ್ದಿ ಬೇಕರಿ ಯಜಮಾನರಿಗೆ ಕೊಡು ಅಂತ ಕಟ್ಟು ಕಟ್ಟಿ ಕೊಟ್ಟೆ. ಶಾಪಿನ ಬೋರ್ಡಿನಲ್ಲಿ ನೀನು ಹಿಡಿದ ತಪ್ಪು ನಿಜವಾಗಿಯೂ ತಪ್ಪೇ, ಅಪ್ಪ ಇವತ್ತಿಗೂ ಸರಿ ಮಾಡಿಸಿಲ್ಲ. ಶುರುವಿನಲ್ಲಿ ನಮಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಎಷ್ಟು ದಿನ ಆದಮೇಲೆ ನಮ್ಮ ಮಗಳು ಮಾತಾಡ್ತಾಳಲ್ಲ ಅಂತ. ಆಮೇಲೆ ಮಾತು ನಿಲ್ಲಲಿಲ್ಲ. ಕೈಗೆ ಕಟ್ಟಿದ್ದ ಪಟ್ಟಿ ಬಿಗಿಯಾಗ್ತಿದೆ, ನಾನೇನು ಗಡಿಯಾರನಾ ಅಂತ ಕಿತ್ತು ಬಿಸಾಕಿದೆ. ಅದು ಮರುದಿನ ನನಗೆ ಮನೆಯ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಸೆರಗಲ್ಲಿ ಒರೆಸಿ ಎತ್ತಿಟ್ಟೆ. ಅದಾಗಿ ಇಪ್ಪತ್ತನೇ ದಿನ ನೀನು ನಿನ್ನ ಹಳೇ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೂಗಾಡಿದ ಮೇಲೆ ನಿನ್ನನ್ನ ಆಸ್ಪತ್ರೆಗೆ ಸೇರಿಸಿದೆವು. ಮೊದಲೇ ಸೇರಿಸಬೇಕಿತ್ತು. ಇಳಿಯುತ್ತೆ, ಇವತ್ತು ಇಳಿಯುತ್ತೆ, ನಾಳೆ ಇಳಿಯುತ್ತೆ ಅಂತ ಕಾಯ್ತಾ ಕೂತಿದ್ದು ನಮ್ಮ ತಪ್ಪು.

ನಿನ್ನ ಕಾಗದದ ಕೆಲವು ಸಾಲುಗಳನ್ನ ನಾನು ನಾಲ್ಕು ಸಲ ಓದಿದೆ. "ಆ ದಿನಗಳಲ್ಲಿ ನಾನು ನಿದ್ದೆಯೇ ಮಾಡಲಿಲ್ಲ, ರಾತ್ರಿಯೆಲ್ಲ ಮೇಜಿನ ಹತ್ತಿರ ಕೂತು ತಿದ್ದುತ್ತಿದ್ದೆ ಅಂತಲೇ ನನಗೆ ನೆನಪು. ಆದರೆ ಗ್ರಾಫಿನಲ್ಲಿ ನೋಡಮ್ಮ, ದಿನಾ ಒಂಬತ್ತಕ್ಕೆ ಮಲಗಿದ್ದೀನಿ. ನನ್ನ ತಲೆ ಎಷ್ಟು ಸುಳ್ಳು ಹೇಳುತ್ತೆ! ವೇದಿಕೆ ಮೇಲೆ ಇದನ್ನೇ ಹೇಳ್ತೀನಿ, ನಿಮ್ಮ ನೆನಪನ್ನ ನಂಬಬೇಡಿ, ಯಂತ್ರವನ್ನ ನಂಬಿ ಅಂತ." ನೀನು ಇದನ್ನ ನಗ್ತಾ ಬರೆದಿದ್ದೀಯ. ನಿಮ್ಮಪ್ಪನಿಗೆ ಓದಿ ಹೇಳಿದರೆ ಅವರೂ ತಲೆ ಆಡಿಸಿ, "ನಾನು ಅಷ್ಟೂ ರಾತ್ರಿ ಅವಳ ಜೊತೆ ಎಚ್ಚರ ಇದ್ದೆ ಅಂದುಕೊಂಡಿದ್ದೆ. ನಾನೇ ತೂಕಡಿಸಿರಬೇಕು" ಅಂದರು. ಹಾಗೆ ಹೇಳಿ ಶಾಪಿಗೆ ಹೋದರು. ಒಂದು ಮನೆಯಲ್ಲಿ ಇಬ್ಬರು, ತಮ್ಮ ಕಣ್ಣು ಕಂಡಿದ್ದನ್ನ ತಾವೇ ನಂಬದ ಹಾಗಾಗಿದ್ದಾರೆ.

ನಿಮ್ಮ ನರ್ಸಮ್ಮ ನೆನಪಿದ್ದಾರಲ್ಲ, ತಿಂಗಳಿಗೊಂದು ಸಲ ಅಷ್ಟು ದೊಡ್ಡ ಚೀಲ ಹೊತ್ತು ಪಟ್ಟಿಯ ಲೆಕ್ಕ ಇಳಿಸಿಕೊಳ್ಳೋಕೆ ಬರ್ತಿದ್ದರಲ್ಲ, ಅವರು ಒಮ್ಮೆ ನನಗೆ ಚೆನ್ನಾಗಿ ಬೈದಿದ್ದರು. ನಿಮ್ಮಜ್ಜಿ ಹೋದಾಗ ಎಂಟು ದಿನ ನಿನಗೆ ಹೇಳಿರಲಿಲ್ಲ ನಾವು. ಎಲ್ಲಿ ಕುಸಿದುಬಿಡ್ತೀಯೋ ಅಂತ ಭಯ. ನರ್ಸಮ್ಮ ಹಿತ್ತಲಲ್ಲಿ ನನ್ನನ್ನ ನಿಲ್ಲಿಸಿ, "ಅವಳಿಂದ ಎಲ್ಲಾ ಮುಚ್ಚಿಟ್ಟು ಮುಚ್ಚಿಟ್ಟು ನೀವು ಅವಳಿಗೆ ಏನು ಕಲಿಸ್ತಿದ್ದೀರಿ ಗೊತ್ತಾ? ನಿನ್ನ ಕೈಲಿ ಏನನ್ನೂ ತಡ್ಕೊಳ್ಳೋಕಾಗಲ್ಲ ಅಂತ" ಅಂದರು. ಅವತ್ತು ನನಗೆ ಸಿಟ್ಟು ಬಂದಿತ್ತು. ಹೇಳೋದು ಸುಲಭ, ಗೋಡೆ ಕಡೆ ತಿರುಗಿದ ಮಗಳ ಬೆನ್ನು ನೋಡ್ತಾ ಹತ್ತು ವಾರ ಕೂತೋರು ಯಾರು ಅಂತ ಮನಸ್ಸಲ್ಲೇ ಬೈದುಕೊಂಡೆ. ಈಗಲೂ ನನಗೆ ಇರೋದು ಅದೇ ಭಯ, ಇನ್ನೇನಿಲ್ಲ. ಆದರೆ ಮೊನ್ನೆ ಫೋನಲ್ಲಿ ನೀನು, ಯಾರೋ ಒಬ್ಬರು ಡಾಕ್ಟರು ನಿನ್ನ ಭಾಷಣದಲ್ಲಿ ಏಳು ತಪ್ಪು ಹಿಡಿದರು ಅಂತ ಹೇಳಿ, ಐದು ಸರಿ, ಎರಡಕ್ಕೆ ನಾನು ಜಗಳ ಆಡಿದೆ ಅಂದೆಯಲ್ಲ, ಅದನ್ನ ಕೇಳಿ ಆ ರಾತ್ರಿ ನಾನು ತುಂಬಾ ಹೊತ್ತು ಯೋಚನೆ ಮಾಡಿದೆ. ತಡ್ಕೊಳ್ಳೋಕಾಗದೆ ಇರೋದು ನನಗೆ, ನಿನಗಲ್ಲ.

ಬರೆದೂ ಬರೆದೂ ಕೈ ನೋಯ್ತಿದೆ. ಹಿಟ್ಟು ನಾದೋ ಕೈಗೆ ಪೆನ್ನು ಭಾರ ಕಣೇ. ಅಪ್ಪ ಶಾಪು ಮುಚ್ಚಿ ಬರೋ ಹೊತ್ತಾಯ್ತು. ಅವರು ನಿನಗೆ ಹೇಳು ಅಂದಿದ್ದು: ವೇದಿಕೆ ಹತ್ತೋ ಮುಂಚೆ ಕೂದಲು ಹಿಂದಕ್ಕೆ ಕಟ್ಟಬೇಕಂತೆ, ಹಣೆ ಕಾಣಬೇಕಂತೆ. ಅವರ ಆಶೀರ್ವಾದ ಅಂದರೆ ಅದೇ. ನನ್ನದು, ನೀನು ಎಲ್ಲಿ ನಿಂತರೂ ಕಾಲ ಕೆಳಗೆ ನೆಲ ಗಟ್ಟಿ ಇರಲಿ, ತಲೆ ಮೇಲೆ ಎತ್ತರ ಬೇಕಾದಷ್ಟಿರಲಿ. ಡಾಕ್ಟರಿಗೆ, ನರ್ಸಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಮೇಲೆ ಬೆಟ್ಟದಷ್ಟು ಹೆಮ್ಮೆ ಇರೋ
ಅಮ್ಮ

ಮರೆತೆ ಅಂತ ಬರೀತಿಲ್ಲ, ಧೈರ್ಯ ಸಾಲದೆ ಕೊನೆಗಿಟ್ಟೆ. ಕೇಳು. ಆ ಗ್ರಾಫಿನಲ್ಲಿ ಕೆಂಪು ಸುತ್ತು ಹಾಕಿರೋ ಹತ್ತೊಂಬತ್ತು ದಿನ ನಿನ್ನದಲ್ಲ. ನನ್ನದು. ಹಿಟ್ಟಿನ ಡಬ್ಬದಲ್ಲಿ ಸಿಕ್ಕಿದ ಪಟ್ಟಿಯನ್ನ ನಾನು ಎತ್ತಿಡಲಿಲ್ಲ, ನನ್ನ ಎಡಗೈಗೆ ಕಟ್ಟಿಕೊಂಡೆ. ಅದಕ್ಕೂ ಮುಂಚೆ ಒಂದು ಸಲ ನೀನು ಪಟ್ಟಿ ಕಟ್ಟದೆ ಲೆಕ್ಕ ಖಾಲಿ ಬಿದ್ದಿದ್ದಕ್ಕೆ ಪಟ್ಟಿಯವರ ಆಫೀಸಿಂದ ಫೋನ್ ಬಂದಿತ್ತು, ಇನ್ನೊಂದು ಸಲ ಹೀಗಾದರೆ ಹೆಸರು ತೆಗೀಬೇಕಾಗುತ್ತೆ ಅಂದಿದ್ದರು. ಹೆಸರು ತೆಗೆದರೆ ನರ್ಸಮ್ಮ ಬರಲ್ಲ. ಆಗ ನಮ್ಮ ಮನೆ ಹೊಸ್ತಿಲು ದಾಟಿ ಬರ್ತಿದ್ದೋರು ಅವರೊಬ್ಬರೇ, ನೀನು ಮಾತು ಕೇಳ್ತಿದ್ದಿದ್ದೂ ಅವರೊಬ್ಬರದೇ. ಒಂದು ದಿನದ ಮಟ್ಟಿಗೆ ಅಂತ ಕಟ್ಟಿಕೊಂಡೆ. ಬ್ರೆಡ್ಡಿನ ಹುಳಿಹಿಟ್ಟು ಕೆಡದ ಹಾಗೆ ದಿನಾ ಒಂದಿಷ್ಟು ಹೊಸ ಹಿಟ್ಟು ಉಣಿಸಿ ಇಟ್ಟಿರ್ತೀವಲ್ಲ, ಹಾಗೆ, ನೀನು ವಾಪಸ್ ಬರೋವರೆಗೆ ಕಾದಿಡೋಣ ಅಂತ. ಒಂದು ದಿನ ಹತ್ತೊಂಬತ್ತಾಯ್ತು. ಹಿಟ್ಟು ಹತ್ತದ ಹಾಗೆ ಮೇಲೆ ಬಟ್ಟೆ ಸುತ್ತಿದ್ದೆ, ಮಣಿಕಟ್ಟು ಉಳುಕಿದೆ ಅಂತ ಅಪ್ಪನಿಗೆ ಸುಳ್ಳು ಹೇಳಿದ್ದೆ, ಪಾಪ ದಿನಾ ಎಣ್ಣೆ ಬಿಸಿ ಮಾಡಿ ತಂದಿಡೋರು. ಆಸ್ಪತ್ರೆಯಲ್ಲಿ ನೀನು ಇಂಜೆಕ್ಷನ್ ತಗೊಂಡು ಮಲಗಿದ್ದಾಗ ವಾಪಸ್ ನಿನ್ನ ಕೈಗೆ ಕಟ್ಟಿದೆ. ಮೂರೂವರೆಗೆ ಎದ್ದಿದ್ದು ನಾನು. ನಾಲ್ಕರಿಂದ ಆರರವರೆಗಿನ ಕಪ್ಪು ನಾನು ನಾದಿದ ಹಿಟ್ಟು. ಏಳಕ್ಕೊಂದು ಬರೋ ಆ ಸಾಲುಗಳು ಮಂಗಳವಾರಗಳು, ಕ್ಯಾಲೆಂಡರ್ ತೆಗೆದು ನೋಡು.

ಅದು ಇಷ್ಟು ದೊಡ್ಡದಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಬೇಗ ಏಳೋರಿಗೆ ಮಾತ್ರೆ ಜಾಸ್ತಿ ಮಾಡಿ ನೋಡೋದೇ ಮುಂದಿನ ಪ್ರಯೋಗ ಅಂತ ನೀನು ಬರೆದಿದ್ದೀಯ. ಯಾರದೋ ಮನೆ ಮಗು ನಾಲ್ಕಕ್ಕೆ ಎದ್ದು ಓದೋಕೆ ಕೂತರೆ ಅದಕ್ಕೂ ಮಾತ್ರೆ ನುಂಗಿಸ್ತಾರಾ, ನನ್ನ ಬ್ರೆಡ್ಡಿನಿಂದಾಗಿ? ಡಾಕ್ಟರಿಗೆ ಬೇರೆ ಕಾಗದ ಬರೆದು ಇದರ ಜೊತೆ ಇಟ್ಟಿದ್ದೀನಿ, ಲಕೋಟೆ ಅಂಟಿಸಿಲ್ಲ. ಓದಿ, ತಪ್ಪಿದ್ದರೆ ತಿದ್ದಿ, ನೀನೇ ಅವರ ಕೈಗೆ ಕೊಡು. ಕೆಂಪು ಪೆನ್ನಲ್ಲೇ ತಿದ್ದು. ಅಪ್ಪನಿಗೆ ಇವತ್ತು ರಾತ್ರಿ ಊಟ ಆದಮೇಲೆ ಹೇಳ್ತೀನಿ. ಕನ್ನಡಿ ಪಕ್ಕದ ಕಾಗದ ನಾನೇ ಕೀಳ್ತೀನಿ, ಅವರ ಕೈಲಿ ಆಗಲ್ಲ.

ಹತ್ತೊಂಬತ್ತು ಚೀಟಿಗಳೂ ಇದರಲ್ಲಿವೆ. ಹದಿನಾರು ಬೇಕರಿ ಚೀಟಿ, ಮೂರು ಮಂಗಳವಾರದ್ದು ಬ್ರೆಡ್ಡಿನ ಕವರಿನ ಮೇಲೆ ಬರೆದಿದ್ದು. ಆ ದಿನಗಳಲ್ಲಿ ರಾತ್ರಿ ಕಾವಲು ಅಪ್ಪನದು. ನಾನು ಎದ್ದ ಕೂಡಲೇ, ನೀನು ಎಷ್ಟು ಹೊತ್ತು ನಿದ್ದೆ ಮಾಡಿದೆ ಅಂತ ಒಂದೇ ಮಾತು ಹೇಳೋರು, "ಒಂದು ಗಂಟೆ" ಅಂತಲೋ "ಇಲ್ಲ" ಅಂತಲೋ. ಅದನ್ನ ಚೀಟಿ ಹಿಂದೆ ಬರೆದಿಟ್ಟೆ. ತಿರುಗಿಸಿ ನೋಡು. ಒಂದು ಗಂಟೆ, ಇಲ್ಲ, ಇಲ್ಲ, ಎರಡು ಗಂಟೆ, ಇಲ್ಲ. ಅಪ್ಪ ತೂಕಡಿಸಲಿಲ್ಲ. ಡಾಕ್ಟರಿಗೆ ಬೇಕಾದ ಹತ್ತೊಂಬತ್ತು ದಿನ ಇದರಲ್ಲಿದೆ, ಹಿಟ್ಟಿನ ಕಲೆ ಇದೆ, ಕ್ಷಮಿಸಲಿ.

ಇಪ್ಪತ್ನಾಲ್ಕಕ್ಕೆ ವೇದಿಕೆ ಮೇಲೆ ಏನು ಬೇಕಾದರೂ ಹೇಳು. ನಮ್ಮಮ್ಮ ಮೋಸ ಮಾಡಿದಳು ಅಂತ ಹೇಳು, ನನಗೇನೂ ಬೇಜಾರಿಲ್ಲ, ಇರೋದನ್ನೇ ಹೇಳಿದ ಹಾಗಾಗುತ್ತೆ. ನಿನ್ನ ತಲೆ ಸುಳ್ಳು ಹೇಳುತ್ತೆ ಅಂತ ಮಾತ್ರ ಯಾರ ಮುಂದೆಯೂ ಹೇಳಬೇಡ. ಆ ಹತ್ತೊಂಬತ್ತು ರಾತ್ರಿ ನೀನು ನಿದ್ದೆ ಮಾಡಲಿಲ್ಲ ಗುಬ್ಬೀ. ಮೇಜಿನ ಹತ್ತಿರ ಕೂತು ತಿದ್ದುತ್ತಾ ಇದ್ದೆ. ನಿನಗೆ ನೆನಪಿರೋದೇ ಸರಿ.